ಪುಣೆಯ ಗಾಡಿ, ನಿಂಬರ್ಗಾದ ಲೆಕ್ಕ

ನಿಂಬರ್ಗಾದವರಿಗೆ ಬೆಂಗಳೂರಿಗಿಂತ ಸೊಲ್ಲಾಪುರ, ಪುಣೆ ಹತ್ತಿರ. ತೊಗರಿ ಮಾರಿದ ಮೇಲೋ ಕಬ್ಬಿನ ಬಿಲ್ಲು ಬಂದ ಮೇಲೋ ದೊಡ್ಡ ಗಾಡಿಯ ಮಾತು ಎದ್ದರೆ, ಎಂ.ಎಚ್. ಪಾಸಿಂಗ್ ಗಾಡಿಗಳ ಕಡೆ ಕಣ್ಣು ಹೋಗುವುದು ಸಹಜ. ಹೊಸದಿದ್ದಾಗ 60 ಲಕ್ಷದ ಜರ್ಮನ್ ಕಾರು, ಐದು ವರ್ಷ ಓಡಿದ ಬಳಿಕ 24 ಲಕ್ಷ ಎಂದರೆ ಯಾರಿಗಾದರೂ ಸೋವಿ ಅನಿಸುತ್ತದೆ. ಆದರೆ ಅದು ಸೋವಿಯೋ ತುಟ್ಟಿಯೋ ಗೊತ್ತಾಗಬೇಕಾದರೆ ಲೆಕ್ಕವನ್ನು ಕೊನೆಯಿಂದ ಹಿಡಿಯಬೇಕು. ಕೆ.ಎ. 32 ನಂಬರಿನೊಂದಿಗೆ, ದುರಸ್ತಿ ಎಲ್ಲ ಮುಗಿದು, ನಮ್ಮ ಅಂಗಳಕ್ಕೆ ಬಂದು ನಿಲ್ಲುವ ಹೊತ್ತಿಗೆ ಆ ಗಾಡಿಗೆ ಎಷ್ಟು ಸುರಿದಿರುತ್ತೇವೆ?

ಮೊದಲು ತೆರಿಗೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಮಾಡಿಸಲೇಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಂ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್. ಗಾಡಿಗೆ ವಯಸ್ಸಾದಷ್ಟೂ ತೆರಿಗೆ ಇಳಿಯುತ್ತದೆ, ನಿಜ. ಆದರೆ ಅದಕ್ಕೆ ಆಧಾರ ಗಾಡಿ ಹೊಸದಿದ್ದಾಗಿನ ಬೆಲೆಯೇ ಹೊರತು ನೀವು ಕೊಟ್ಟ 24 ಲಕ್ಷವಲ್ಲ. ಜನ ಎಡವುವುದು ಇಲ್ಲೇ. 60 ಲಕ್ಷಕ್ಕೆ ಶೇ. 18 ಎಂದರೆ 10.8 ಲಕ್ಷ. ವಯಸ್ಸಿನ ರಿಯಾಯಿತಿ ಕಳೆದು ಮೂರರಲ್ಲಿ ಎರಡು ಪಾಲು ಉಳಿಯಿತೆಂದೇ ಇಟ್ಟುಕೊಳ್ಳೋಣ, 7.2 ಲಕ್ಷ. ಅಲ್ಲಿಗೆ ಗಾಡಿ 31 ಲಕ್ಷ ದಾಟಿತು. ಅದೇ ವರ್ಷದ, ಅದೇ ಮಾದರಿಯ ಕೆ.ಎ. ಪಾಸಿಂಗ್ ಗಾಡಿ 28 ಲಕ್ಷಕ್ಕೆ ಸಿಗುವಂತಿದ್ದರೆ, ಪುಣೆಯದರ ನ್ಯಾಯದ ಬೆಲೆ 21 ಲಕ್ಷವನ್ನೂ ಮುಟ್ಟುವುದಿಲ್ಲ. ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಕೇಳಬಹುದು. ಆ ಹಣ ಯಾರಿಗೆ ಸೇರಬೇಕು ಎಂಬುದನ್ನು ಇಸಾರ ಕೊಡುವ ಮೊದಲೇ ಬರೆಸಿಕೊಳ್ಳಿ. ಕಲಬುರಗಿಯ ಆರ್‌ಟಿಓ ಕಚೇರಿಯಲ್ಲಿ ತೆರಿಗೆಯ ಮೊತ್ತ ಕೇಳದೆ ಪುಣೆಯ ಬಸ್ಸು ಹತ್ತಬೇಡಿ.

ಬೆಲೆಗೊಂದು ಮೇಲ್ಮಿತಿ ಬೇಕೆಂದರೆ ವಿಮೆಯ ಪಾಲಿಸಿ ನೋಡಿ. ಅದರಲ್ಲಿ ಐಡಿವಿ ಎಂಬ ಮೊತ್ತವಿರುತ್ತದೆ, ಅಂದರೆ ವಿಮಾ ಕಂಪನಿ ಒಪ್ಪಿದ ಗಾಡಿಯ ಮೌಲ್ಯ. ವಿಮೆಯ ಲೆಕ್ಕದಲ್ಲಿ ಎರಡರಿಂದ ಮೂರು ವರ್ಷದ ಗಾಡಿಗೆ ಶೇ. 30 ಸವಕಳಿ, ನಾಲ್ಕರಿಂದ ಐದು ವರ್ಷದ್ದಕ್ಕೆ ಶೇ. 50. ಐಷಾರಾಮಿ ಕಾರು ಸಾಮಾನ್ಯವಾಗಿ ಇದಕ್ಕಿಂತ ಬೇಗ ಬೆಲೆ ಕಳೆದುಕೊಳ್ಳುತ್ತದೆ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಫಾರ್ಚೂನರ್ ಇದಕ್ಕೆ ಅಪವಾದ; ಆ ಕಾರಣಕ್ಕೇ ಅದರ ಬೆಲೆಯನ್ನು ಅಳತೆಗೋಲಾಗಿ ಹಿಡಿದು ಬೇರೆ ಕಾರನ್ನು ಅಳೆಯಬಾರದು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಜಿಎಸ್‌ಟಿ ಶೇ. 40ಕ್ಕೆ ನಿಂತಿದೆ, ಮೊದಲು ಸೆಸ್ ಸೇರಿ ಶೇ. 50ರವರೆಗೂ ಇತ್ತು. ಹಾಗಾಗಿ ಮಾರುವವರು ಹಳೆಯ ರಸೀದಿ ತೋರಿಸಿದರೆ, ಅದೇ ಕಾರಿನ ಇಂದಿನ ಶೋರೂಂ ಬೆಲೆಯನ್ನು ಮುಂದಿಟ್ಟು ಮಾತಾಡಿ.

ಅದೇ ಪಾಲಿಸಿಯಲ್ಲಿ ಎನ್‌ಸಿಬಿ ಎಂಬ ಇನ್ನೊಂದು ಸಾಲಿದೆ. ಕ್ಲೇಮು ಮಾಡದವರಿಗೆ ಸಿಗುವ ಈ ರಿಯಾಯಿತಿ ಶೇ. 20ರಿಂದ ವರ್ಷವರ್ಷಕ್ಕೂ ಏರಿ ಶೇ. 50 ಮುಟ್ಟುತ್ತದೆ. ಒಬ್ಬರ ಕೈಯಲ್ಲೇ ಇದ್ದ ಐದು ವರ್ಷದ ಗಾಡಿಗೆ ಎನ್‌ಸಿಬಿ ಸೊನ್ನೆ ಇದ್ದರೆ, ಯಾತಕ್ಕೆ ಕ್ಲೇಮು ಆಯಿತೆಂದು ಬಾಯಿಬಿಟ್ಟು ಕೇಳಿ. ನನಗೆ ಎಲ್ಲಕ್ಕಿಂತ ಭಯ ನೀರಿನದು. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಯಮಲೂರಿನ ಸಿರಿವಂತರ ಬಡಾವಣೆಯಲ್ಲೇ ದುಬಾರಿ ಕಾರುಗಳು ಮುಳುಗಿದವು. ದುರಸ್ತಿಯ ವೆಚ್ಚ ಐಡಿವಿಯ ಶೇ. 75 ಮೀರಿದರೆ ವಿಮಾ ಕಂಪನಿ ಗಾಡಿಯನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತದೆ. ಅಂಥ ಗಾಡಿ ಹರಾಜಾಗಿ, ತೊಳೆದು ಪಾಲಿಶ್ ಆಗಿ ಮತ್ತೆ ರಸ್ತೆಗೆ ಬರಬಹುದು. ಸೀಟ್ ಬೆಲ್ಟನ್ನು ಬುಡದವರೆಗೆ ಎಳೆಯಿರಿ, ಕೆಸರಿನ ಕಲೆ ಅಲ್ಲಿ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಗುಂಡಿ, ಸೀಟಿನಡಿಯ ಬೋಲ್ಟುಗಳ ತುಕ್ಕು ನೋಡಿ. ಮುಳುಗಿದ ಗಾಡಿಗೆ ನ್ಯಾಯದ ಬೆಲೆ ಎಂಬುದೇ ಇಲ್ಲ. ಎದ್ದು ಬನ್ನಿ.

ಮೀಟರು ತಿರುಗಿಸುವವರು ಈಗಲೂ ಇದ್ದಾರೆ. ಹಲವು ಐಷಾರಾಮಿ ಕಾರುಗಳಲ್ಲಿ ಓಡಿದ ಕಿಲೋಮೀಟರು ಡ್ಯಾಶ್‌ಬೋರ್ಡಿನಲ್ಲಷ್ಟೇ ಅಲ್ಲದೆ ಬೇರೆ ಕಂಪ್ಯೂಟರುಗಳಲ್ಲೂ ದಾಖಲಾಗಿರುತ್ತದೆ. ಸ್ಕ್ಯಾನರ್ ಹಾಕಿದರೆ ಒಂದಕ್ಕೊಂದು ತಾಳೆಯಾಗದ್ದು ಸಿಕ್ಕಿಬೀಳುತ್ತದೆ. ಟೈರಿನ ಮೇಲೆ 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಇಪ್ಪತ್ತು ಸಾವಿರವಷ್ಟೇ ಓಡಿದೆ ಎನ್ನುವ 2021ರ ಗಾಡಿಗೆ 2024ರ ಟೈರುಗಳೇಕೆ ಎಂದು ಕೇಳಬೇಕಲ್ಲವೇ?

ಇನ್ನು ನಮ್ಮ ರಸ್ತೆ. ಏರ್ ಸಸ್ಪೆನ್ಷನ್ ಇರುವ ಗಾಡಿಗೆ ಎರೆಹೊಲದ ನಡುವಿನ ತಗ್ಗು-ದಿನ್ನೆ ಒಗ್ಗುವುದಿಲ್ಲ. ಬಿಎಸ್-6 ಡೀಸೆಲ್ ಗಾಡಿ ಊರೊಳಗೇ ನಾಲ್ಕಾರು ಕಿಲೋಮೀಟರು ಓಡುತ್ತಿದ್ದರೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಕಟ್ಟಿಕೊಳ್ಳುತ್ತದೆ. ಕೆಟ್ಟರೆ ಹೈದರಾಬಾದಿಗೋ ಪುಣೆಗೋ ಲಾರಿಯ ಮೇಲೆ ಹೇರಿಕೊಂಡು ಹೋಗಬೇಕಾದೀತು. ಆದ್ದರಿಂದ ಟೈರು, ಬ್ರೇಕು, ಬ್ಯಾಟರಿ, ಸಸ್ಪೆನ್ಷನ್ನಿಗೆ ಕಂಪನಿ ವರ್ಕ್‌ಶಾಪಿನಿಂದ ಅಂದಾಜು ಪಟ್ಟಿ ಬರೆಸಿ, ಆ ಮೊತ್ತವನ್ನೂ ಬೆಲೆಯಲ್ಲಿ ಕಳೆಯಿರಿ. ಮಾರುವವರಿಗೆ ಕೋಪ ಬರಬಹುದು, ಬರಲಿ.

ದರ ಕುದುರಿದರೂ ಪೂರ್ತಿ ಹಣ ಒಮ್ಮೆಗೇ ಕೊಡಬೇಡಿ. ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35, ಅಲ್ಲಿನ ಆರ್‌ಟಿಓ ಕೊಡುವ ಎನ್‌ಓಸಿ ಅಂದರೆ ಫಾರ್ಮ್ 28, ಹೆಸರು ವರ್ಗಾವಣೆಗೆ 29 ಮತ್ತು 30, ಇವೆಲ್ಲ ಕೈಗೆ ಬರುವವರೆಗೆ ಒಂದಿಷ್ಟು ಬಾಕಿ ಇರಿಸಿಕೊಳ್ಳಿ. ಗಾಡಿ ಕೈಗೆ ಬಂದ 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು.