ಅನುದಾನವೋ, ಅಂಕುಶವೋ?

ವಿಶ್ವವಿದ್ಯಾನಿಲಯಗಳಿಗೆ ಹಣ ಕೊಡುವವರು ಸರ್ಕಾರದವರು. ಆದುದರಿಂದ ಅಲ್ಲಿ ಯಾರು ಕಲಿಸಬೇಕು, ಏನನ್ನು ಕಲಿಸಬೇಕು ಎಂಬುದನ್ನು ಗೊತ್ತುಮಾಡತಕ್ಕವರೂ ಸರ್ಕಾರದವರೇ ಎಂದು ವಾದಿಸುವ ಮಹನೀಯರು ಎಲ್ಲ ಕಾಲದಲ್ಲಿಯೂ ಇದ್ದಾರೆ. ನಮ್ಮ ಕಾರ್ಯಾಲಯಕ್ಕೆ ಬಂದು ಕುಳಿತು ಈ ಮಾತನ್ನಾಡುವ ಮಿತ್ರರೂ ಉಂಟು. ಅನ್ನವಿಕ್ಕಿದವನ ಮಾತನ್ನು ಕೇಳಬೇಡವೇ ಎಂಬುದು ಅವರ ಪ್ರಶ್ನೆ. ನಾವು ಪಾಠಶಾಲೆಯಲ್ಲಿ ಓದಿ ಮೆಟ್ರಿಕ್ಯುಲೇಶನ್ನಿಗೆ ನಿಂತವರು; ವಿಶ್ವವಿದ್ಯಾನಿಲಯವನ್ನು ಹೊರಗಿನಿಂದ ಕಂಡವರೇ ಹೊರತು ಒಳಹೊಕ್ಕವರಲ್ಲ. ಆದರೂ ಈ ಪ್ರಶ್ನೆಗೆ ಕಲಕತ್ತೆಯಲ್ಲಿ ಒಮ್ಮೆ ದೊರೆತ ಉತ್ತರವನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ.

ಲಾರ್ಡ್ ಕರ್ಜನ್ನರ ೧೯೦೪ನೆಯ ಇಸವಿಯ ಶಾಸನವು ವಿಶ್ವವಿದ್ಯಾನಿಲಯಗಳ ಸೆನೆಟ್ ಸಭೆಗಳನ್ನು ಬಹುಮಟ್ಟಿಗೆ ಸರ್ಕಾರದ ನಾಮಕರಣಕ್ಕೆ ಒಳಪಡಿಸಿತು. ಗೋಖಲೆಯವರು ಶಾಸನಸಭೆಯಲ್ಲಿ ಎಷ್ಟು ವಿರೋಧಿಸಿದರೂ ಪ್ರಯೋಜನವಾಗಲಿಲ್ಲ. ಮರುವರ್ಷ ವಂಗಭಂಗದ ಚಳವಳಿಯೆದ್ದಾಗ ಕಾರ್ಲೈಲ್ ಸುತ್ತೋಲೆ ಹೊರಟಿತು: ವಿದ್ಯಾರ್ಥಿಗಳು ಚಳವಳಿಗೆ ಸೇರಿದರೆ ಆ ಶಾಲೆಯ ಅನುದಾನಕ್ಕೆ ಕುತ್ತು. ೧೯೧೩ರಲ್ಲಿ ಕಲಕತ್ತೆಯ ವಿಶ್ವವಿದ್ಯಾನಿಲಯವು ಆರಿಸಿದ್ದ ರಸೂಲ್, ಸುಹ್ರವರ್ದಿ, ಜಯಸ್ವಾಲ್ ಎಂಬ ಮೂವರು ಉಪನ್ಯಾಸಕರಿಗೆ ಭಾರತ ಸರ್ಕಾರ ಅನುಮತಿಯನ್ನೇ ಕೊಡಲಿಲ್ಲ. ಅವರ ಪಾಂಡಿತ್ಯದಲ್ಲಿ ಕೊರತೆ ಕಂಡುದರಿಂದಲ್ಲ. ರಾಜಕೀಯದ ಸಂಪರ್ಕವೇ ಅವರ ಅಪರಾಧವಾಗಿತ್ತು.

ಇಂತಹ ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದವರು ಸರ್ ಆಶುತೋಷ ಮುಖರ್ಜಿಯವರು. ಹೈಕೋರ್ಟಿನ ನ್ಯಾಯಾಧೀಶರಾಗಿದ್ದುಕೊಂಡೇ ಸಂಬಳವಿಲ್ಲದ ವೈಸ್ ಛಾನ್ಸಲರ್ ಪದವಿಯನ್ನು ೧೯೦೬ರಿಂದ ೧೯೧೪ರ ವರೆಗೂ, ಪುನಃ ೧೯೨೧ರಿಂದ ೧೯೨೩ರ ವರೆಗೂ ನಿರ್ವಹಿಸಿದರು. ತಾರಕನಾಥ ಪಾಲಿತ್, ರಾಸಬಿಹಾರಿ ಘೋಷ್ ಮೊದಲಾದ ದಾನಿಗಳಿಂದ ಹಣ ತಂದು ವಿಜ್ಞಾನದ ಪೀಠಗಳನ್ನು ಸ್ಥಾಪಿಸಿದರು. ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿದ್ದ ಒಬ್ಬ ತರುಣ ಅಧಿಕಾರಿಯನ್ನು ಕರೆದು ಪಾಲಿತ್ ಪೀಠದಲ್ಲಿ ಕುಳ್ಳಿರಿಸಿದರು; ಆ ಅಧಿಕಾರಿಯೇ ಸಿ. ವಿ. ರಾಮನ್. ಮೈಸೂರಿನ ಮಹಾರಾಜಾ ಕಾಲೇಜಿನಿಂದ ೧೯೨೧ರಲ್ಲಿ ಶ್ರೀ ರಾಧಾಕೃಷ್ಣನ್ನರು ಹೋದದ್ದೂ ಇದೇ ವಿಶ್ವವಿದ್ಯಾನಿಲಯಕ್ಕೆ. ಅವರ ಸಾರೋಟನ್ನು ವಿದ್ಯಾರ್ಥಿಗಳೇ ನಿಲ್ದಾಣದ ವರೆಗೆ ಎಳೆದೊಯ್ದ ಸಂಗತಿಯನ್ನು ಮೈಸೂರಿನವರು ಮರೆತಿಲ್ಲ.

ಸಂಸ್ಥೆ ಬೆಳೆಯಿತು, ಸಾಲವೂ ಬೆಳೆಯಿತು. ೧೯೨೨ರಲ್ಲಿ ಬಂಗಾಳದ ಸರ್ಕಾರ ಎರಡೂವರೆ ಲಕ್ಷ ರೂಪಾಯಿ ಕೊಡಲು ಮುಂದೆ ಬಂದಿತು, ಷರತ್ತುಗಳೊಡನೆ. ಲೆಕ್ಕಗಳನ್ನು ಸರ್ಕಾರಕ್ಕೆ ಒಪ್ಪಿಸುತ್ತಿರಬೇಕು. ಹಣದ ಸ್ಥಿತಿ ಸರಿಹೋಗುವವರೆಗೆ ಹೊಸ ವಿಸ್ತರಣೆಗೆ ಕೈಹಾಕಕೂಡದು. ಡಿಸೆಂಬರ್ ೨ರಂದು ಸೆನೆಟ್ ಸಭೆಯಲ್ಲಿ ಆಶುತೋಷರು ಎದ್ದು ನಿಂತು, ಈ ವಿಶ್ವವಿದ್ಯಾನಿಲಯವು ಗುಲಾಮರನ್ನು ತಯಾರಿಸುವ ಕಾರ್ಖಾನೆಯಾಗಲಾರದು, ನಮ್ಮ ಅಧ್ಯಾಪಕರು ಉಪವಾಸವಿದ್ದಾರು, ಸ್ವಾತಂತ್ರ್ಯವನ್ನು ಬಿಡಲಾರರು ಎಂಬ ಅರ್ಥ ಬರುವಂತೆ ಗುಡುಗಿದರು. ಇಲ್ಲೊಂದು ಸ್ವಾರಸ್ಯವಿದೆ. ಅಸಹಕಾರದ ದಿನಗಳಲ್ಲಿ ಕಾಲೇಜುಗಳನ್ನು ಗುಲಾಮಖಾನೆಯೆಂದು ಕರೆದು ವಿದ್ಯಾರ್ಥಿಗಳನ್ನು ಹೊರಕ್ಕೆ ಕರೆದವರು ನಮ್ಮ ದೇಶಭಕ್ತರೇ. ಆಶುತೋಷರು ಆ ಬಹಿಷ್ಕಾರವನ್ನು ಒಪ್ಪಿದವರಲ್ಲ. ಸರ್ಕಾರದ ಶತ್ರುಗಳಿಂದ ವಿಶ್ವವಿದ್ಯಾನಿಲಯವನ್ನು ಕಾಪಾಡಿದವರೇ ಅದನ್ನು ಸರ್ಕಾರದಿಂದಲೂ ಕಾಪಾಡಬೇಕಾಯಿತು.

ಮುಂದಿನ ಮಾರ್ಚ್ ತಿಂಗಳಲ್ಲಿ ಗವರ್ನರ್ ಲಾರ್ಡ್ ಲಿಟನ್ನರು ಒಂದು ಪತ್ರ ಬರೆದರು. ತಾವು ನಮ್ಮ ಮಸೂದೆಯನ್ನು ವಿರೋಧಿಸಿದಿರಿ, ಅದಕ್ಕಾಗಿ ಸರ್ ಮೈಕೆಲ್ ಸ್ಯಾಡ್ಲರ್ ಅವರಿಗೂ ಭಾರತ ಸರ್ಕಾರಕ್ಕೂ ಅಸ್ಸಾಮಿನ ಸರ್ಕಾರಕ್ಕೂ ಮೊರೆಯಿಟ್ಟಿರಿ. ಇನ್ನು ಮುಂದೆ ವಿರೋಧವನ್ನು ಬಿಟ್ಟು ಸಹಾಯಮಾಡುವುದಾದರೆ ಪುನಃ ನೇಮಕ ಮಾಡೋಣ ಎಂಬುದು ಅದರ ತಾತ್ಪರ್ಯ. ಎರಡು ದಿನಗಳೊಳಗಾಗಿ, ಮಾರ್ಚ್ ೨೬ರಂದು, ಉತ್ತರ ಹೋಯಿತು: ಇಂತಹ ಅವಮಾನಕರವಾದ ಪದವಿ ತಮಗೆ ಬೇಡ. ಆ ಸ್ಥಾನಕ್ಕೆ ಭೂಪೇಂದ್ರನಾಥ ಬಸುಗಳು ಬಂದರು. ಆಶುತೋಷರು ೧೯೨೪ರ ಮೇ ೨೫ರಂದು ಪಾಟ್ನಾದಲ್ಲಿ ತೀರಿಕೊಂಡರು.

ಆಶುತೋಷರಲ್ಲಿ ದೋಷವೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಅವರ ಆಡಳಿತ ಏಕನಾಯಕತ್ವವೆಂದೂ, ಕೈ ಬಿಟ್ಟು ಖರ್ಚುಮಾಡಿದರೆಂದೂ ಯದುನಾಥ ಸರ್ಕಾರರಂತಹ ವಿದ್ವಾಂಸರೇ ಟೀಕಿಸಿದ್ದರು. ಪ್ರಜೆಗಳ ತೆರಿಗೆಯ ಹಣ ಹೇಗೆ ವ್ಯಯವಾಯಿತೆಂದು ಲೆಕ್ಕ ಕೇಳುವುದು ನ್ಯಾಯವೇ ಸರಿ. ನಮ್ಮ ಮಿತ್ರರು ಅಷ್ಟನ್ನೇ ಹೇಳುವುದಾದರೆ ನಮ್ಮ ತಕರಾರಿಲ್ಲ. ಆದರೆ ಲಿಟನ್ನರ ಪತ್ರವನ್ನು ಮತ್ತೊಮ್ಮೆ ನೋಡಿರಿ. ಅವರು ಅಲ್ಲಿ ಕೇಳಿದ್ದು ಲೆಕ್ಕವನ್ನಲ್ಲ, ವೈಸ್ ಛಾನ್ಸಲರರ ಮೌನವನ್ನು. ಲೆಕ್ಕದ ನೆಪದಲ್ಲಿ ಒಳಕ್ಕೆ ಬಂದ ಕೈ ನಾಲಗೆಯ ಮೇಲೆ ಬೀಳಲು ನಾಲ್ಕು ತಿಂಗಳು ಸಾಕಾಯಿತು.

ಪರಕೀಯರ ಸರ್ಕಾರ ಹೋಯಿತು, ಈಗ ನಮ್ಮದೇ ಸರ್ಕಾರ, ಇನ್ನೇತರ ಭಯ ಎನ್ನುವವರಿಗೆ ಒಂದು ಮಾತು. ಲಿಟನ್ನರ ಕಾಲದಲ್ಲಿಯೂ ಬಂಗಾಳದ ವಿದ್ಯಾಮಂತ್ರಿಗಳು ಭಾರತೀಯರೇ ಆಗಿದ್ದರು. ಸ್ವತಂತ್ರ ಭಾರತದಲ್ಲಿ ೧೯೪೮-೪೯ರ ವಿಶ್ವವಿದ್ಯಾನಿಲಯ ಆಯೋಗಕ್ಕೆ ಅಧ್ಯಕ್ಷರಾದವರು ಆಶುತೋಷರ ಸೆಣಸಾಟದ ಕಾಲದಲ್ಲಿ ಅದೇ ವಿಶ್ವವಿದ್ಯಾನಿಲಯದ ಅಧ್ಯಾಪಕರಾಗಿದ್ದ ರಾಧಾಕೃಷ್ಣನ್ನರು. ಉಚ್ಚ ವಿದ್ಯೆಗೆ ಧನಸಹಾಯ ಮಾಡುವುದು ರಾಜ್ಯದ ಕರ್ತವ್ಯ, ಆದರೆ ಆ ಸಹಾಯವನ್ನು ಬೋಧನೆಯ ಮೇಲಣ ಅಧಿಕಾರವೆಂದು ತಿಳಿಯಕೂಡದು ಎಂದು ಆ ಆಯೋಗ ಸ್ಪಷ್ಟವಾಗಿ ತಿಳಿಸಿತು. ಅನಂತರ ಬಂದ ಸರ್ಕಾರಗಳು, ಅವು ಯಾವ ಪಕ್ಷದವೇ ಆಗಲಿ, ಈ ಮಾತನ್ನು ಕಡತದಲ್ಲಿ ಭದ್ರವಾಗಿ ಇಟ್ಟಿವೆ.

ಅನುದಾನದ ಆಜ್ಞೆಗಳ ಕರಡನ್ನು ಸಿದ್ಧಪಡಿಸುವ ಅಧಿಕಾರಿಗಳು ನಮ್ಮ ವಾಚಕರಲ್ಲಿ ಅನೇಕರಿದ್ದಾರೆಂದು ನಾವು ಬಲ್ಲೆವು. ಅವರಲ್ಲಿ ನಮ್ಮ ಬಿನ್ನಹವಿಷ್ಟೆ: ಷರತ್ತುಗಳ ಪಟ್ಟಿಯಲ್ಲಿ ರೂಪಾಯಿ ಆಣೆ ಪೈಗಳಿಗೆ ಸಂಬಂಧಪಡದ ವಾಕ್ಯವೊಂದು ಕಂಡುಬಂದರೆ, ಮೇಲಿನವರ ಸಹಿಗೆ ಕಳುಹಿಸುವ ಮುನ್ನ ಅದರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಾದರೂ ಹಾಕಲಿ.