ಸಿಸ್ಟಂ ಹೊಸದಾಯಿತು, ಅಂತರ್ಜಾಲ ಎಲ್ಲಿ ಹೋಯಿತು?

ಬಳ್ಳಾರಿ: ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಹೀಗಾಗಿ ಹಳೆಯ ಗಣಕಯಂತ್ರಗಳಿಗೆ ವಿಂಡೋಸ್ 11 ಅಥವಾ ಲಿನಕ್ಸ್ ಹಾಕಿಸುವವರ ಸಂಖ್ಯೆ ಸಹಜವಾಗಿಯೇ ಹೆಚ್ಚಿದೆ. ಆದರೆ ಹೊಸ ಆಪರೇಟಿಂಗ್ ಸಿಸ್ಟಂ ಬಂದು ಕುಳಿತ ಮರುಕ್ಷಣವೇ ಅಂತರ್ಜಾಲ ಮಾಯವಾಗುವುದು ಅನೇಕರನ್ನು ಕಾಡುವ ತೊಂದರೆ.

ಇದು ಚಿಕ್ಕ ತೊಂದರೆಯಲ್ಲ. ರಾಜ್ಯದೊಳಗಿನ ಸರಕು ಸಾಗಣೆಗೂ ಇ-ವೇ ಬಿಲ್ ಪದ್ಧತಿಯನ್ನು 2018ರ ಏಪ್ರಿಲ್ 1ರಿಂದ ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ಸಂಪರ್ಕ ಕಡಿದರೆ ಬಳ್ಳಾರಿಯ ಜೀನ್ಸ್ ಘಟಕದ ಸರಕು ಬಾಗಿಲಲ್ಲೇ ಉಳಿಯಬಹುದು. ಸಿರುಗುಪ್ಪದ ಅಕ್ಕಿ ಗಿರಣಿಯ ಲೆಕ್ಕಪತ್ರ ನಿಂತುಹೋಗಬಹುದು. ಕುರುಗೋಡಿನ ಸೇವಾ ಕೇಂದ್ರಕ್ಕೆ ಪಹಣಿಗಾಗಿ ಬಂದ ರೈತ ಬರಿಗೈಯಲ್ಲಿ ಮರಳಬೇಕಾಗಬಹುದು. ರಿಪೇರಿಗೆಂದು ಸಿರುಗುಪ್ಪದಿಂದ ಬಳ್ಳಾರಿಗೆ ಯಂತ್ರವನ್ನು ಹೊತ್ತು ತರುವುದೆಂದರೆ ಐವತ್ತು ಕಿಲೋಮೀಟರಿಗೂ ಹೆಚ್ಚಿನ ಪ್ರಯಾಣ. ಅದಕ್ಕೂ ಮೊದಲು, ಹೊಸ ಕಾರ್ಡ್‌ಗೆ ಹಣ ತೆರುವುದಕ್ಕೂ ಮೊದಲು, ಕುಳಿತಲ್ಲೇ ಮಾಡಬಹುದಾದ ಪರೀಕ್ಷೆಗಳು ಹಲವಿವೆ.

ಕಾರ್ಡ್ ಇದೆ, ದುಭಾಷಿ ಇಲ್ಲ

ಕೇಬಲ್ ಅಥವಾ ವೈ-ಫೈ ಮೂಲಕ ಗಣಕವನ್ನು ಜಾಲಕ್ಕೆ ಜೋಡಿಸುವ ಯಂತ್ರಾಂಶವೇ ನೆಟ್‌ವರ್ಕ್ ಕಾರ್ಡ್. ಆಪರೇಟಿಂಗ್ ಸಿಸ್ಟಂ ಮತ್ತು ಕಾರ್ಡ್ ನಡುವೆ ದುಭಾಷಿಯಂತೆ ಕೆಲಸ ಮಾಡುವ ಪುಟ್ಟ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಸಿಸ್ಟಂ ಬದಲಾದಾಗ ಅದು ಆಡುವ ಭಾಷೆಯೂ ಬದಲಾಗುವುದುಂಟು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ ಜಾಲ ಡ್ರೈವರ್‌ಗಳ ರಚನೆಯನ್ನೇ ಬದಲಿಸಿತ್ತು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲವಾದ್ದರಿಂದ, 32 ಬಿಟ್ ಸಿಸ್ಟಂಗೆಂದು ಸಿದ್ಧವಾದ ಹಳೆಯ ಡ್ರೈವರ್ ಅಲ್ಲಿ ನಿರುಪಯೋಗಿ. ಕಾರ್ಡ್ ಕೆಟ್ಟಿರುವುದಿಲ್ಲ, ಅದರ ಮಾತು ಸಿಸ್ಟಂಗೆ ತಿಳಿಯುತ್ತಿರುವುದಿಲ್ಲ, ಅಷ್ಟೇ.

ಮೊದಲು ರೋಗ ಗುರುತಿಸಿ

ಕೇಬಲ್ ಚುಚ್ಚುವ ಜಾಗದಲ್ಲಿರುವ ಪುಟ್ಟ ದೀಪ ಉರಿಯುತ್ತಿದೆಯೇ ನೋಡಿ. ಅದೇ ಜಾಲಕ್ಕೆ ಮೊಬೈಲ್ ಅಥವಾ ಬೇರೊಂದು ಗಣಕ ಜೋಡಿಸಿದಾಗ ಅಂತರ್ಜಾಲ ಬರುತ್ತಿದೆಯೇ ಎಂದು ಪರೀಕ್ಷಿಸಿ. ಬರದಿದ್ದರೆ ದೋಷ ರೌಟರಿನಲ್ಲೋ ಸೇವಾದಾರರಲ್ಲೋ ಇದೆ ಎಂದರ್ಥ.

ಅಲ್ಲೆಲ್ಲ ಸರಿಯಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. 'ನೆಟ್‌ವರ್ಕ್ ಅಡಾಪ್ಟರ್ಸ್' ಸಾಲಿನಲ್ಲಿ ಕಾರ್ಡಿನ ಹೆಸರು ಇಲ್ಲದೆ, ಕೆಳಗೆಲ್ಲೋ ಹಳದಿ ಚಿಹ್ನೆಯ ಅಪರಿಚಿತ ಸಾಧನ ಕಂಡರೆ ಡ್ರೈವರ್ ಕಾಣೆಯಾಗಿದೆ ಎಂದು ತಿಳಿಯಬಹುದು. ಅದರ ಮೇಲೆ ಎರಡು ಬಾರಿ ಒತ್ತಿದರೆ ಕೋಡ್ ಸಂಖ್ಯೆ ದೊರೆಯುತ್ತದೆ.

* ಕೋಡ್ 28: ಡ್ರೈವರ್ ಸ್ಥಾಪನೆಯಾಗಿಲ್ಲ.
* ಕೋಡ್ 22: ಸಾಧನವನ್ನು ಯಾರೋ ನಿಷ್ಕ್ರಿಯಗೊಳಿಸಿದ್ದಾರೆ. 'ಎನೇಬಲ್' ಒತ್ತಿದರೆ ಸಾಕು.
* ಕೋಡ್ 10: ಸಾಧನ ಆರಂಭವಾಗುತ್ತಿಲ್ಲ. ಶಿಫ್ಟ್ ಕೀಲಿ ಒತ್ತಿ ಹಿಡಿದು 'ಶಟ್‌ಡೌನ್' ಮಾಡಿ, ಯಂತ್ರ ಪೂರ್ಣವಾಗಿ ಆರಿದ ಮೇಲೆ ಮತ್ತೆ ಚಾಲನೆ ನೀಡಿ ನೋಡಿ.
* ಕೋಡ್ 52: ಡ್ರೈವರಿನ ಡಿಜಿಟಲ್ ಸಹಿ ದೃಢಪಟ್ಟಿಲ್ಲ. ಹಣದ ವಹಿವಾಟು ನಡೆಯುವ ಯಂತ್ರದಲ್ಲಿ ಸಹಿ ತಪಾಸಣೆಯನ್ನು ಕಿತ್ತುಹಾಕುವುದು ಅಪಾಯಕರ. ಹೊಸ ಡ್ರೈವರ್ ಹುಡುಕುವುದೇ ಲೇಸು.

ಯಾವ ಕೋಡೂ ಇಲ್ಲದೆ, ಐಪಿ ವಿಳಾಸ ಮಾತ್ರ 169.254 ಎಂದು ಆರಂಭವಾಗುತ್ತಿದ್ದರೆ ಡ್ರೈವರ್ ಬಹುತೇಕ ಸರಿಯಿದೆ, ರೌಟರಿನಿಂದ ವಿಳಾಸ ಸಿಕ್ಕಿಲ್ಲ ಎಂದರ್ಥ. ರೌಟರನ್ನು ಆರಿಸಿ ಹಚ್ಚಿ. ಅಷ್ಟಕ್ಕೂ ಆಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿರುವ 'ನೆಟ್‌ವರ್ಕ್ ರೀಸೆಟ್' ಬಳಸಿ. ಇದರಿಂದ ಉಳಿಸಿಟ್ಟ ವೈ-ಫೈ ಪಾಸ್‌ವರ್ಡ್‌ಗಳು ಅಳಿಯುತ್ತವೆ ಎಂಬುದು ನೆನಪಿರಲಿ.

ಮೊಬೈಲಿನಿಂದ ಎರವಲು

ಡ್ರೈವರ್ ಇಲ್ಲದೆ ಅಂತರ್ಜಾಲವಿಲ್ಲ, ಅಂತರ್ಜಾಲವಿಲ್ಲದೆ ಡ್ರೈವರ್ ಇಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಸ್ಥಿತಿ ಇದು. ಇದರಿಂದ ಪಾರಾಗುವ ಸುಲಭ ಮಾರ್ಗ ಆಂಡ್ರಾಯ್ಡ್ ಮೊಬೈಲ್. ಅದನ್ನು ಯುಎಸ್‌ಬಿ ಕೇಬಲ್ ಮೂಲಕ ಗಣಕಕ್ಕೆ ಜೋಡಿಸಿ, ಮೊಬೈಲಿನ ಹಾಟ್‌ಸ್ಪಾಟ್ ವಿಭಾಗದಲ್ಲಿರುವ 'ಯುಎಸ್‌ಬಿ ಟೆದರಿಂಗ್' ಆಯ್ಕೆಯನ್ನು ಚಾಲೂ ಮಾಡಿ. ಇದಕ್ಕೆ ಬೇಕಾದ ಡ್ರೈವರ್ ಸಾಮಾನ್ಯವಾಗಿ ವಿಂಡೋಸ್‌ನಲ್ಲೇ ಅಡಕವಾಗಿರುತ್ತದೆ. ಬಳಿಕ 'ವಿಂಡೋಸ್ ಅಪ್‌ಡೇಟ್' ಚಲಾಯಿಸಿದರೆ ಕಾರ್ಡಿನ ಡ್ರೈವರ್ ತಾನಾಗಿಯೇ ಬರುವ ಸಾಧ್ಯತೆ ಹೆಚ್ಚು.

ಕಾರ್ಡಿನ ಕುಲಗೋತ್ರ

ತಾನಾಗಿ ಬಾರದಿದ್ದರೆ ಕಾರ್ಡ್ ಯಾವ ಸಂಸ್ಥೆಯದೆಂದು ತಿಳಿಯಬೇಕು. ಡಿವೈಸ್ ಮ್ಯಾನೇಜರಿನಲ್ಲಿ 'ಪ್ರಾಪರ್ಟೀಸ್', 'ಡೀಟೇಲ್ಸ್', 'ಹಾರ್ಡ್‌ವೇರ್ ಐಡಿ' ಆರಿಸಿದರೆ ಉದ್ದದೊಂದು ಸಂಕೇತ ಕಾಣುತ್ತದೆ. ಅದರಲ್ಲಿ ವಿ-ಇ-ಎನ್ ಎಂಬ ಅಕ್ಷರಗಳ ಮುಂದಿರುವುದು ತಯಾರಕರ ಗುರುತು. 10ಇಸಿ ಎಂದಿದ್ದರೆ ರಿಯಲ್‌ಟೆಕ್, 14ಇ4 ಎಂದಿದ್ದರೆ ಬ್ರಾಡ್‌ಕಾಮ್, 8086 ಎಂದಿದ್ದರೆ ಇಂಟೆಲ್. 1978ರಲ್ಲಿ ಬಂದ ತನ್ನ ಪ್ರಸಿದ್ಧ ಪ್ರೊಸೆಸರಿನ ಸಂಖ್ಯೆಯನ್ನೇ ಇಂಟೆಲ್ ಇಲ್ಲಿ ಗುರುತಾಗಿ ಬಳಸಿದೆ.

ಡ್ರೈವರನ್ನು ಲ್ಯಾಪ್‌ಟಾಪ್ ಅಥವಾ ಮದರ್‌ಬೋರ್ಡ್ ತಯಾರಕರ ಅಧಿಕೃತ ತಾಣದಿಂದಲೇ ಪಡೆಯಿರಿ. 'ಎಲ್ಲ ಡ್ರೈವರ್‌ಗಳೂ ಒಂದೇ ಕ್ಲಿಕ್ಕಿನಲ್ಲಿ' ಎಂದು ಸಾರುವ ಅಪರಿಚಿತ ತಂತ್ರಾಂಶಗಳಲ್ಲಿ ಬೇಡದ ಜಾಹೀರಾತು, ವೈರಸ್‌ಗಳು ಅಡಗಿರಬಹುದು.

ಹಿಂದಕ್ಕೆ ಹೋಗುವ ದಾರಿ

ಹೊಸ ಡ್ರೈವರ್ ಬಂದ ಮೇಲೆಯೇ ತೊಂದರೆ ಶುರುವಾಗಿದ್ದರೆ 'ಡ್ರೈವರ್' ಪುಟದ 'ರೋಲ್ ಬ್ಯಾಕ್ ಡ್ರೈವರ್' ಗುಂಡಿ ಹಳೆಯದನ್ನು ಮರಳಿ ತರುತ್ತದೆ. ವಿಂಡೋಸ್ 10ರಿಂದ 11ಕ್ಕೆ ನೇರವಾಗಿ ಬಡ್ತಿ ಹೊಂದಿದವರು ಸಾಮಾನ್ಯವಾಗಿ 10 ದಿನಗಳೊಳಗೆ 'ರಿಕವರಿ' ವಿಭಾಗದಿಂದ ಹಿಂದಿನ ಸಿಸ್ಟಂಗೆ ಮರಳಬಹುದು. ತಪ್ಪು ಯಾವಾಗಲೂ ಬಳಕೆದಾರರದೇ ಆಗಿರುವುದಿಲ್ಲ. 2023ರ ಡಿಸೆಂಬರಿನಲ್ಲಿ ವಿಂಡೋಸ್ 11ರ ನವೀಕರಣವೊಂದರಿಂದ ಕೆಲವು ವೈ-ಫೈ ಕಾರ್ಡ್‌ಗಳು ಸಂಪರ್ಕ ಕಳೆದುಕೊಂಡಾಗ, ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡು ಆ ಬದಲಾವಣೆಯನ್ನು ಹಿಂತೆಗೆದುಕೊಂಡಿತ್ತು.

ಲಿನಕ್ಸ್ ಬಳಸುವವರ ಕಥೆ ತುಸು ಭಿನ್ನ. ಅಲ್ಲಿ ಬಹುಪಾಲು ಡ್ರೈವರ್‌ಗಳು ಸಿಸ್ಟಂನ ತಿರುಳಿನಲ್ಲೇ ಇರುತ್ತವೆ. ಬ್ರಾಡ್‌ಕಾಮ್‌ನ ಕೆಲವು ವೈ-ಫೈ ಕಾರ್ಡ್‌ಗಳಿಗೆ ಮಾತ್ರ ಪ್ರತ್ಯೇಕ ಫರ್ಮ್‌ವೇರ್ ಬೇಕಾಗುತ್ತದೆ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಚಲಾಯಿಸಿ ವೈ-ಫೈ ಪರೀಕ್ಷಿಸಿದ ನಂತರವೇ ಸ್ಥಾಪಿಸುವುದು ಜಾಣತನ. ಈ ಪರೀಕ್ಷೆಯಿಂದ ಇನ್ನೊಂದು ಲಾಭವೂ ಇದೆ: ವಿಂಡೋಸ್‌ನಲ್ಲಿ ಸತ್ತಂತಿದ್ದ ಕಾರ್ಡ್ ಇಲ್ಲಿ ಓಡಿದರೆ, ಯಂತ್ರಾಂಶ ಕೆಟ್ಟಿಲ್ಲವೆಂದು ಖಚಿತವಾಗುತ್ತದೆ.

ಮುಂಜಾಗ್ರತೆಯೇ ಮದ್ದು

ಸಿಸ್ಟಂ ಬದಲಿಸುವ ಮುನ್ನ ಕೇಬಲ್ ಕಾರ್ಡ್, ವೈ-ಫೈ ಕಾರ್ಡ್ ಎರಡರ ಹೊಸ ಡ್ರೈವರ್‌ಗಳನ್ನೂ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ವಿಂಡೋಸ್ 11 ಹೊಸದಾಗಿ ಸ್ಥಾಪನೆಯಾಗುವಾಗಲೇ ಅಂತರ್ಜಾಲ ಕೇಳುವುದರಿಂದ ಇದು ಇನ್ನಷ್ಟು ಅಗತ್ಯ. ಮುಖ್ಯ ಕಡತಗಳ ಪ್ರತಿ ಬೇರೆಡೆ ಇರಲಿ. ತೆರಿಗೆ ವಿವರ ಅಥವಾ ಅರ್ಜಿ ಸಲ್ಲಿಸುವ ಕೊನೆಯ ದಿನ ಹತ್ತಿರವಿದ್ದರೆ ಈ ಕೆಲಸವನ್ನು ಮುಂದೂಡಿ. ಇಷ್ಟೆಲ್ಲ ಮಾಡಿಯೂ ಯಾವ ಸಿಸ್ಟಂನಲ್ಲೂ ಕಾರ್ಡ್ ಕಾಣಿಸದಿದ್ದರೆ ಆಗ ಅದು ನಿಜವಾಗಿಯೂ ಕೆಟ್ಟಿರಬಹುದು. ಆಗಲೂ ಯುಎಸ್‌ಬಿ ಅಡಾಪ್ಟರ್ ಒಂದನ್ನು ಕೊಂಡರೆ ಸಾಕಾಗಬಹುದು. ಇಡೀ ಗಣಕವನ್ನೇ ಬದಲಿಸಬೇಕಿಲ್ಲ.