ಸಮಾನರೂಪದ ಶಾರ್ಕುಗಳನ್ನು ಗುರುತಿಸುವ ಬಗೆ

ಪ್ರಶ್ನೆ: ಮೀನುಗಾರಿಕೆಯ ದಾಖಲೆಯಲ್ಲಿ ‘ಶಾರ್ಕ್’ ಎಂದಷ್ಟೇ ಬರೆದರೆ ಸಾಲದೆ? ಜಾತಿಗಳನ್ನು ಬೇರ್ಪಡಿಸುವುದೇಕೆ, ಹೇಗೆ?
— ಓದುಗರು, ಕಾಮಸಮುದ್ರ

ಉತ್ತರ: ಸಾಲದು. ಭೂತಾಯಿ, ಬಂಗುಡೆಗಳು ಸಾವಿರಗಟ್ಟಲೆ ತತ್ತಿಗಳನ್ನಿಟ್ಟು ಸಂತತಿಯನ್ನು ಬೇಗನೆ ತುಂಬಿಕೊಳ್ಳಬಲ್ಲವಾದರೆ, ಶಾರ್ಕುಗಳು ತಡವಾಗಿ ಪ್ರಾಯಕ್ಕೆ ಬಂದು ಅಲ್ಪಸಂಖ್ಯೆಯ ಮರಿಗಳನ್ನು ಪಡೆಯತಕ್ಕವಾದುದರಿಂದಲೂ, ಈ ಮಂದಗತಿಯು ಜಾತಿಯಿಂದ ಜಾತಿಗೆ ಬಹಳವಾಗಿ ಭಿನ್ನವಾಗಿರುವುದರಿಂದಲೂ, ಎಲ್ಲವನ್ನೂ ಒಂದೇ ಹೆಸರಿನಲ್ಲಿ ತೂಗಿ ಬರೆದಲ್ಲಿ, ಸಣ್ಣ ಜಾತಿಗಳ ಸಮೃದ್ಧಿಯ ಮರೆಯಲ್ಲಿ ದೊಡ್ಡದೊಂದು ಕ್ಷಯಿಸುತ್ತಿರುವುದು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ.

ನಮ್ಮ ಪಶ್ಚಿಮ ಕರಾವಳಿಯ ಬಲೆಗಳಿಗೆ ಬೀಳುವ, ಈಜುರೆಕ್ಕೆಯ ತುದಿ ಕಪ್ಪಾಗಿರುವ ಶಾರ್ಕುಗಳನ್ನೇ ನೋಡಿ. ಬಣ್ಣವೊಂದನ್ನೇ ನಂಬಿದವರು ಇಲ್ಲಿ ಮೋಸಹೋಗುವರು. ಬೆನ್ನಿನ ಎರಡು ರೆಕ್ಕೆಗಳ ನಡುವೆ ಬೆರಳಾಡಿಸಿದಾಗ ಚರ್ಮದ ಸಣ್ಣ ಏಣು ಸಿಕ್ಕಿದರೆ ಅದು ಕಾರ್ಕರೈನಸ್ ಸೋರಾ ಇರಬಹುದು. ಲಿಂಬೇಟಸ್, ಬ್ರೆವಿಪಿನ್ನ ಎಂಬ ಜಾತಿಗಳಿಗೆ ಆ ಏಣಿಲ್ಲ. ಇವೆರಡರಲ್ಲಿ ಬೆಳೆದ ಬ್ರೆವಿಪಿನ್ನದ ಗುದರೆಕ್ಕೆಯ ತುದಿ ಕಪ್ಪು, ಲಿಂಬೇಟಸ್‌ನದು ಸಾಮಾನ್ಯವಾಗಿ ಬಿಳಿ. ಸುತ್ತಿಗೆತಲೆಯ ಶಾರ್ಕುಗಳಲ್ಲಿ ತಲೆಯ ಮುಂಭಾಗವೇ ಲಕ್ಷಣ: ನಟ್ಟನಡುವೆ ಕಚ್ಚಿದ್ದು ಅಂಚು ಕಮಾನಿನಂತೆ ಬಾಗಿದ್ದರೆ ಸ್ಫಿರ್ನಾ ಲೆವಿನಿ, ಕಮಾನಿದ್ದೂ ಕಚ್ಚಿಲ್ಲದಿದ್ದರೆ ಜೈಗೀನಾ.

ಇಷ್ಟು ಸೂಕ್ಷ್ಮತೆ ಪಾಂಡಿತ್ಯಪ್ರದರ್ಶನವಲ್ಲ. ಸೋರಾವನ್ನು ಬಹಳಮಟ್ಟಿಗೆ ಹೋಲುವ ಪುದುಚೇರಿ ಶಾರ್ಕ್ 2001ರಿಂದ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದು ಅಪರಾಧ. ಕತ್ತರಿಸಿದ ಒಣರೆಕ್ಕೆ ಮಾತ್ರ ಕೈಗೆ ಸಿಕ್ಕಿದಾಗ ಡಿಎನ್‌ಎ ಪರೀಕ್ಷೆಯಿಂದ ಜಾತಿಯನ್ನು ನಿರ್ಣಯಿಸಬಹುದು. ಆದರೆ ಹರಾಜಿನ ಗದ್ದಲದಲ್ಲಿ ರಾಶಿಯ ಮುಂದೆ ನಿಂತು ಬರೆದುಕೊಳ್ಳುವವನಿಗೆ ಕಣ್ಣೂ ಬೆರಳೂ ತಿಳಿದಿರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.